ಸಿಲಬಸ್‌ನಲ್ಲಿ ದೇಶವೂ ಇರಲಿ, ಜಗತ್ತೂ ಇರಲಿ ಅಂದಾಗ ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುತ್ತೇನೆ. ಈಗ ನಮ್ಮಲ್ಲಿ ಸಿಲಬಸ್ ಬದಲಾಯಿಸುವ ಕೆಲಸ ನಡೆದಿದೆ. ಸಮಿತಿಯಲ್ಲಿ ಎರಡು ಬಣ ಆಗಿಬಿಟ್ಟಿವೆ. ಒಂದು ಬಣ, ‘ಅಂತರರಾಷ್ಟ್ರೀಯ ಮಟ್ಟಕ್ಕೆ ತನ್ನಿ, ಹೊರದೇಶದ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಏನು ಓದಿಸುತ್ತಾರೋ ಅದನ್ನೇ ಇಡಿ’ ಎನ್ನುತ್ತದೆ. ಇನ್ನೊಂದು, ‘ವಸಾಹತು ಕಾಲದ ಗುಂಗು ಸಾಕು, ನಮ್ಮ ಚಿಂತನೆ ಬರಲಿ, ಮಕ್ಕಳಿಗೆ ದೇಶದ ಅಸ್ಮಿತೆ ಗೊತ್ತಾಗಲಿ’ ಎನ್ನುತ್ತದೆ. ನನಗೆ ಎರಡೂ ಸರಿ ಅನ್ನಿಸುತ್ತದೆ. ವಸಾಹತು ಆಗಿದ್ದ ಬೇರೆ ದೇಶಗಳು ಇದನ್ನು ಹೇಗೆ ನಿಭಾಯಿಸಿವೆ? ಒಂದನ್ನು ಆರಿಸಿಕೊಳ್ಳಲೇಬೇಕೇ? ದೇಶದ ಬಗ್ಗೆ ಒಂದು ಕಡ್ಡಾಯ ಪೇಪರ್ ಇಟ್ಟರೆ ತಪ್ಪೇನು?

ಉತ್ತರ:

ಆರಿಸಿಕೊಳ್ಳಬೇಕಾಗಿಲ್ಲ. ಆದರೆ ‘ಅದು ಸ್ವಲ್ಪ, ಇದು ಸ್ವಲ್ಪ’ ಅಂತ ರಾಜಿ ಮಾಡಿಕೊಂಡರೂ ಉಪಯೋಗವಿಲ್ಲ. ಜಾಸ್ತಿ ಸಮಿತಿಗಳು ಅದನ್ನೇ ಮಾಡುತ್ತವೆ. ಪ್ಲೇಟೊನಿಂದ ಮಾರ್ಕ್ಸ್‌ವರೆಗೆ ನಾಲ್ಕು ಯೂನಿಟ್, ಕೊನೆಗೆ ‘ನಮ್ಮ ಚಿಂತಕರು’ ಅಂತ ಒಂದು ಯೂನಿಟ್. ಆ ಕೊನೆಯ ಯೂನಿಟ್ ಸೆಮಿಸ್ಟರ್ ಮುಗಿಯುವ ಗಡಿಬಿಡಿಯಲ್ಲಿ ಎರಡು ಕ್ಲಾಸಿನಲ್ಲಿ ಮುಗಿದುಹೋಗುತ್ತದೆ. ಎರಡೂ ಬಣಕ್ಕೆ ಗೆದ್ದೆವು ಅನ್ನಿಸುತ್ತದೆ, ವಿದ್ಯಾರ್ಥಿಗೆ ಏನೂ ಬದಲಾಗಿರುವುದಿಲ್ಲ.

ನಾನು ಬೇರೆ ಒಂದು ಲೆಕ್ಕ ನೋಡುತ್ತೇನೆ. ಸಿಲಬಸ್ಸಿನಲ್ಲಿ ಪರಿಕಲ್ಪನೆ ಯಾರಿಂದ ಬರುತ್ತದೆ, ಉದಾಹರಣೆ ಯಾರಿಂದ ಬರುತ್ತದೆ? ವಸಾಹತು ಆಗಿದ್ದ ದೇಶಗಳಲ್ಲಿ ಥಿಯರಿ ಹೊರಗಿನಿಂದ ಬರುತ್ತದೆ, ಮಾಹಿತಿ ಒಳಗಿನಿಂದ ಹೋಗುತ್ತದೆ. ಇದು ತೋಟದ ಬೆಳೆ ಹೊರಗೆ ಹೋಗಿ, ಸಿದ್ಧ ಸರಕಾಗಿ ವಾಪಸ್ ಬರುತ್ತಿದ್ದ ಹಳೇ ವ್ಯಾಪಾರದ ಹಾಗೆಯೇ ಇದೆ. ಈ ಹಂಚಿಕೆ ಹಾಗೇ ಉಳಿದರೆ ‘ಅಂತರರಾಷ್ಟ್ರೀಯ’ ಅಂದರೂ ಅಷ್ಟೇ, ‘ರಾಷ್ಟ್ರೀಯ’ ಅಂದರೂ ಅಷ್ಟೇ.

ಮೊದಲು ನಿಮ್ಮ ಮೊದಲ ಬಣದವರಿಗೆ ಒಂದು ಹಳೇ ಕಥೆ ಹೇಳಿ. ಅಂತರರಾಷ್ಟ್ರೀಕರಣ ಹೊಸದೇನಲ್ಲ, ನಮ್ಮ ವಿಶ್ವವಿದ್ಯಾಲಯಗಳು ಹುಟ್ಟಿದ್ದೇ ಹಾಗೆ. 1857ರಲ್ಲಿ ಕಲ್ಕತ್ತಾ, ಬಾಂಬೆ, ಮದ್ರಾಸ್ ವಿಶ್ವವಿದ್ಯಾಲಯಗಳು ಲಂಡನ್ ವಿಶ್ವವಿದ್ಯಾಲಯದ ಮಾದರಿಯಲ್ಲಿ ಶುರುವಾದವು. ಆಫ್ರಿಕಾದಲ್ಲಿ ಇದು ಇನ್ನೂ ನೇರವಾಗಿತ್ತು. 1948ರಲ್ಲಿ ಶುರುವಾದ ನೈಜೀರಿಯಾದ ಇಬಾದಾನ್ ಕಾಲೇಜು, ಅದೇ ವರ್ಷದ ಗೋಲ್ಡ್ ಕೋಸ್ಟ್ (ಈಗಿನ ಘಾನಾ) ಕಾಲೇಜು, ಉಗಾಂಡಾದ ಮಕೆರೆರೆ, ಇವೆಲ್ಲ ಲಂಡನ್ ವಿಶ್ವವಿದ್ಯಾಲಯದ ಪದವಿಯನ್ನೇ ಕೊಡುತ್ತಿದ್ದವು. ಪ್ರಶ್ನೆಪತ್ರಿಕೆಗೆ ಲಂಡನ್ ಒಪ್ಪಬೇಕಿತ್ತು. ಇದಕ್ಕಿಂತ ಅಂತರರಾಷ್ಟ್ರೀಯ ಇನ್ನೇನು ಬೇಕು, ಅಲ್ವಾ? ಮಟ್ಟದ ವಿಷಯದಲ್ಲಿ ಆ ಪದವಿಗಳು ಕಳಪೆ ಆಗಿರಲಿಲ್ಲ. ಅಲ್ಲಿಂದ ಬಂದವರೇ ಮುಂದೆ ಆ ದೇಶಗಳ ಆಡಳಿತ ನಡೆಸಿದರು. ಕೊರತೆ ಇದ್ದದ್ದು ಬೇರೆ ಕಡೆ: ತನ್ನ ಸುತ್ತಲಿನ ರಾಜಕೀಯದ ಬಗ್ಗೆ ಪ್ರಶ್ನೆ ಕೇಳಲು ಆ ಪದವಿಯಲ್ಲಿ ಜಾಗವೇ ಇರಲಿಲ್ಲ.

ಜಾನ್ ಸ್ಟುವರ್ಟ್ ಮಿಲ್‌ನನ್ನು ನಾವು ಹೇಗೆ ಕಲಿಸುತ್ತೇವೆ ನೋಡಿ. ಸ್ವಾತಂತ್ರ್ಯದ ದೊಡ್ಡ ವಕ್ತಾರ, 1859ರ ‘ಆನ್ ಲಿಬರ್ಟಿ’ ಪುಸ್ತಕ, ಪರರಿಗೆ ಕೆಡುಕು ಮಾಡದಿದ್ದರೆ ವ್ಯಕ್ತಿಯ ಮೇಲೆ ಒತ್ತಾಯ ಸಲ್ಲದು ಎಂಬ ತತ್ವ, ಐದು ಅಂಕ. ಅದೇ ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿದ್ದ. ಭಾರತದ ರಾಜಸಂಸ್ಥಾನಗಳ ಜತೆಗಿನ ಪತ್ರವ್ಯವಹಾರ ಅವನ ಮೇಜಿನ ಮೇಲೆ ಹಾದುಹೋಗುತ್ತಿತ್ತು. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಅದೇ ಪುಸ್ತಕದ ಮೊದಲ ಅಧ್ಯಾಯದಲ್ಲೇ, ಈ ಸ್ವಾತಂತ್ರ್ಯದ ತತ್ವ ಇನ್ನೂ ‘ಬೆಳೆಯದ’ ಸಮಾಜಗಳಿಗೆ ಅನ್ವಯಿಸುವುದಿಲ್ಲ, ಅವರ ಸುಧಾರಣೆಗಾದರೆ ನಿರಂಕುಶ ಆಡಳಿತವೂ ಸರಿಯೇ ಎಂದು ಬರೆದಿದ್ದಾನೆ. ಅಂದರೆ ನಮ್ಮ ಕ್ಲಾಸಿನಲ್ಲಿ ಕೂತವರ ಮುತ್ತಾತಂದಿರನ್ನು ಅವನು ಆ ಪುಸ್ತಕದಿಂದ ಹೊರಗಿಟ್ಟಿದ್ದ. ನಾವು ಆ ಪುಟ ಬಿಟ್ಟು ಕಲಿಸುತ್ತೇವೆ.

ಹಾಗಂತ ಮಿಲ್‌ನನ್ನು ಕಿತ್ತುಹಾಕಬೇಕೇ? ಬೇಡವೇ ಬೇಡ. ಆ ಪುಟವನ್ನೂ ಸೇರಿಸಿ ಕಲಿಸಿ. ಉದಾರವಾದ ಮತ್ತು ಸಾಮ್ರಾಜ್ಯ ಒಂದೇ ತಲೆಯಲ್ಲಿ ಹೇಗೆ ಒಟ್ಟಿಗಿದ್ದವು ಅಂತ ಕೇಳಿ. ಆಮೇಲೆ ದಾದಾಭಾಯಿ ನವರೋಜಿಯನ್ನು ಪಕ್ಕದಲ್ಲಿ ಕೂರಿಸಿ. ಬ್ರಿಟಿಷರ ಲೆಕ್ಕಪತ್ರ, ಬ್ರಿಟಿಷರದ್ದೇ ತತ್ವ ಇಟ್ಟುಕೊಂಡು ಭಾರತದ ಸಂಪತ್ತು ಸೋರಿಹೋಗುತ್ತಿದೆ ಎಂದು ತೋರಿಸಿದವರು ಅವರು. 1892ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿಗೂ ಆರಿಸಿ ಬಂದರು. ಮಿಲ್ ಮತ್ತು ನವರೋಜಿ ಒಂದೇ ವಾರದ ಪಾಠವಾದರೆ ‘ನಮ್ಮವರು, ಹೊರಗಿನವರು’ ಎಂಬ ಗೋಡೆ ತಾನಾಗಿಯೇ ಅಲ್ಲಾಡುತ್ತದೆ.

ಈಗ ಎರಡನೇ ಬಣದ ಕಡೆ ಬರೋಣ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಅವರ ನೋವು ನಿಜವಾದದ್ದೇ. ಆದರೆ ಹಿತ್ತಲ ಗಿಡವನ್ನು ಪೂಜೆಗೆ ಇಟ್ಟರೂ ಅದು ಮದ್ದಾಗುವುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಇಲ್ಲಿ ತುಂಬಾ ಉಪಯುಕ್ತ. ತಾಳೆಗರಿ ಹಸ್ತಪ್ರತಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು ಸೇರಿತ್ತು. ಅಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ, 1909ರಲ್ಲಿ ಮೂಲ ಪಠ್ಯ ಅಚ್ಚು ಹಾಕಿಸಿದರು. 1915ರಲ್ಲಿ ಪೂರ್ತಿ ಇಂಗ್ಲಿಷ್ ಅನುವಾದ ಬಂತು. ಭಾರತೀಯರಿಗೆ ಧರ್ಮ ಗೊತ್ತು, ರಾಜಕೀಯ ಚಿಂತನೆ ಗೊತ್ತಿಲ್ಲ ಅಂತ ಹೇಳುತ್ತಿದ್ದವರ ಬಾಯಿ ಕಟ್ಟಿತು. ಕೆಲವೇ ವರ್ಷಗಳಲ್ಲಿ, 1919ರಲ್ಲಿ, ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ತನ್ನ ಭಾಷಣದಲ್ಲಿ ಅರ್ಥಶಾಸ್ತ್ರದ ಮುಂದೆ ಇಟಲಿಯ ರಾಜಕೀಯ ಚಿಂತಕ ಮೆಕಿಯವೆಲ್ಲಿ ನಿರುಪದ್ರವಿ ಎಂಬರ್ಥದ ಮಾತಾಡಿದ.

ಇದು ಹೇಗೆ ಆಯಿತು? ಒಬ್ಬ ವಿದ್ವಾಂಸರು ಪಠ್ಯವನ್ನು ಸಂಪಾದಿಸಿ, ಅನುವಾದಿಸಿ, ಯಾರು ಬೇಕಾದರೂ ಓದಿ ಜಗಳ ಆಡುವ ಹಾಗೆ ಹೊರಗಿಟ್ಟದ್ದರಿಂದ. ಜಗಳ ಇನ್ನೂ ನಿಂತಿಲ್ಲ. ಬರೆದವನು ಒಬ್ಬನೇ, ಹಲವರೇ ಎಂಬ ಪ್ರಶ್ನೆಗೆ ಥಾಮಸ್ ಟ್ರಾಟ್‌ಮನ್ 1971ರಲ್ಲಿ ಪದಬಳಕೆಯ ಎಣಿಕೆ ಮಾಡಿ ಹಲವರ ಕೈ ಇದೆ ಎಂದು ವಾದಿಸಿದರು. ಕಾಲದ ಬಗ್ಗೆಯೂ ಒಮ್ಮತ ಇಲ್ಲ. ಈ ಜಗಳಗಳನ್ನೆಲ್ಲ ಬಿಟ್ಟು ‘ಕೌಟಿಲ್ಯ ಭಾರತದ ಮೆಕಿಯವೆಲ್ಲಿ’ ಅಂತ ಒಂದೇ ವಾಕ್ಯದಲ್ಲಿ ಮುಗಿಸುತ್ತೇವಲ್ಲ, ಅದು ಅಸ್ಮಿತೆಯ ಹೆಸರಲ್ಲಿ ಮಾಡುವ ಸೋಮಾರಿತನ. ಹೆಮ್ಮೆ ನಮ್ಮದು, ಅಳತೆಗೋಲು ಮಾತ್ರ ಇಟಲಿಯದು.

ಬದಲಿಗೆ ಅರ್ಥಶಾಸ್ತ್ರದ ಮಂಡಲ ಸಿದ್ಧಾಂತವನ್ನು ಕ್ಲಾಸಿನಲ್ಲಿ ಕೆಲಸಕ್ಕೆ ಹಚ್ಚಿ. ಗಡಿ ಹಂಚಿಕೊಂಡವನು ಸಹಜವಾಗಿ ಶತ್ರು, ಅವನ ಆಚೆಗಿನವನು ಮಿತ್ರ ಅನ್ನುತ್ತದೆ ಅದು. ಭಾರತ, ಪಾಕಿಸ್ತಾನ, ಅಫ್ಗಾನಿಸ್ತಾನದ ಸಂಬಂಧಕ್ಕೆ ಹಿಡಿದು ನೋಡಿದರೆ ಬಹಳಷ್ಟು ಹೊಂದುತ್ತದೆ. ವಿದ್ಯಾರ್ಥಿಗಳು ಖುಷಿಯಾಗುತ್ತಾರೆ. ಆಮೇಲೆ ಆಫ್ರಿಕಾದ ನಕ್ಷೆ ಇಡಿ. ಅಲ್ಲಿನ ಗಡಿಗಳನ್ನು ವಸಾಹತುಶಾಹಿಗಳು ಮನಸ್ಸಿಗೆ ಬಂದ ಹಾಗೆ ಎಳೆದಿದ್ದರು. ಜಗಳಕ್ಕೆ ಎಲ್ಲ ಕಾರಣವೂ ಇತ್ತು. ಆದರೆ 1964ರಲ್ಲಿ ಕೈರೋದಲ್ಲಿ ಆಫ್ರಿಕನ್ ಏಕತಾ ಸಂಘಟನೆ, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನೇ ಒಪ್ಪೋಣ ಎಂದು ನಿರ್ಣಯ ಮಾಡಿತು. ಸೊಮಾಲಿಯಾ ಮತ್ತು ಮೊರೊಕ್ಕೊ ಒಪ್ಪಲಿಲ್ಲ, ಉಳಿದವರು ಬಹುಮಟ್ಟಿಗೆ ಒಪ್ಪಿದರು. ಅಲ್ಲಿ ನೆರೆಯವರ ನಡುವಿನ ಗಡಿಯುದ್ಧಗಳಿಗಿಂತ ದೇಶದೊಳಗಿನ ಯುದ್ಧಗಳೇ ಜಾಸ್ತಿ ಆದವು. ಮಂಡಲ ಇಲ್ಲಿ ಯಾಕೆ ಹೊಂದಲಿಲ್ಲ? ಇಂಡೊನೇಷ್ಯಾ ಮತ್ತು ಮಲೇಷ್ಯಾ 1963ರಿಂದ 1966ರವರೆಗೆ ಕಾದಾಡಿ, ಮರುವರ್ಷ 1967ರಲ್ಲೇ ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನಲ್ಲಿ ಒಟ್ಟಿಗೆ ಕೂತದ್ದು ಹೇಗೆ? ಒಂದು ಹಳೇ ಪರಿಕಲ್ಪನೆಯನ್ನು ಹೀಗೆ ಎರಡು ಖಂಡ ಸುತ್ತಿಸಿದರೆ ಅದು ರಾಷ್ಟ್ರೀಯವೋ ಅಂತರರಾಷ್ಟ್ರೀಯವೋ ನೀವೇ ಹೇಳಿ. ಅದು ಎಲ್ಲಿ ಸೋತಿತು ಅನ್ನುವುದನ್ನು ಹೇಳಲು ಹೆದರದಿದ್ದರೆ ಸಾಕು.

ಬೇರೆ ದೇಶಗಳು ಏನು ಮಾಡಿದವು ಅಂತ ಕೇಳಿದ್ದೀರಿ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ತಾಂಜಾನಿಯಾದ ದಾರ್ ಎಸ್ ಸಲಾಮ್. ಸ್ವಾತಂತ್ರ್ಯ ಬಂದ 1961ರಲ್ಲೇ ಅಲ್ಲಿ ಕಾಲೇಜು ಶುರುವಾಯಿತು. 1966ರಲ್ಲಿ ಕಡ್ಡಾಯ ರಾಷ್ಟ್ರಸೇವೆಯ ವಿರುದ್ಧ ವಿದ್ಯಾರ್ಥಿಗಳು ಮೆರವಣಿಗೆ ಮಾಡಿದರು. ಅಧ್ಯಕ್ಷ ಜೂಲಿಯಸ್ ನ್ಯೆರೆರೆ ಸಿಟ್ಟಾಗಿ ನೂರಾರು ಮಂದಿಯನ್ನು ಮನೆಗೆ ಕಳಿಸಿದರು. ಸಮಾಜವಾದವೇ ದೇಶದ ದಾರಿ ಎಂದ 1967ರ ಅರುಷಾ ಘೋಷಣೆಯ ನಂತರ ವಿಶ್ವವಿದ್ಯಾಲಯ ದೇಶಕ್ಕೆ ತಕ್ಕ ಹಾಗೆ ಇರಬೇಕು ಎಂಬ ಒತ್ತಡ ಬಂತು. ಎಲ್ಲ ವಿಭಾಗದ ವಿದ್ಯಾರ್ಥಿಗಳಿಗೂ ಅಭಿವೃದ್ಧಿ ಅಧ್ಯಯನದ ಕೋರ್ಸ್ ಬಂತು. ಇದು ನೇರವಾಗಿ ಸರ್ಕಾರಿ ಪ್ರಚಾರ ಆಗಿಬಿಡಬಹುದಿತ್ತು. ಆದರೆ ಅಲ್ಲಿ ಪಾಠ ಮಾಡಲು ಯಾರು ಇದ್ದರು ನೋಡಿ: ಗಯಾನಾದ ವಾಲ್ಟರ್ ರಾಡ್ನಿ, ಕೆನಡಾದ ಜಾನ್ ಸೌಲ್, ಉಗಾಂಡಾದ ಮಹಮೂದ್ ಮಮ್ದಾನಿ, ತಾಂಜಾನಿಯಾದವರೇ ಆದ ಇಸಾ ಶಿವ್‌ಜಿ. ಅಷ್ಟು ರಾಷ್ಟ್ರೀಯವಾದಿ ವಾತಾವರಣದ ಕ್ಯಾಂಪಸ್, ಅಷ್ಟೇ ಅಂತರರಾಷ್ಟ್ರೀಯ ಕೂಡ ಆಗಿತ್ತು. ಶಿವ್‌ಜಿ ಮತ್ತು ಅವರ ಗೆಳೆಯರು ಸರ್ಕಾರದ ಸಮಾಜವಾದವನ್ನೇ ಪ್ರಶ್ನೆ ಮಾಡಿ ಬರೆದರು, ದೇಶದೊಳಗೆ ಹೊಸ ಅಧಿಕಾರಿ ವರ್ಗ ಬೆಳೆಯುತ್ತಿದೆ ಎಂದರು. ಅವರ ಪತ್ರಿಕೆಯನ್ನು 1970ರಲ್ಲಿ ಮುಚ್ಚಿಸಲಾಯಿತು, ಆದರೂ ಚರ್ಚೆ ನಿಲ್ಲಲಿಲ್ಲ. ಅಲ್ಲಿ ಓದಿದವರಲ್ಲಿ ಯೊವೆರಿ ಮುಸೆವೆನಿ ಕೂಡ ಒಬ್ಬರು. 1986ರಿಂದ ಉಗಾಂಡಾದ ಅಧ್ಯಕ್ಷ ಕುರ್ಚಿ ಬಿಟ್ಟಿಲ್ಲ. ಒಳ್ಳೆಯ ಸಿಲಬಸ್ ಒಳ್ಳೆಯ ಪ್ರಜಾಪ್ರಭುತ್ವವಾದಿಯನ್ನೇ ಕೊಡುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು ಬಿಡಿ.

ಕಡ್ಡಾಯ ಪೇಪರ್ ವಿಚಾರಕ್ಕೆ ಇಂಡೊನೇಷ್ಯಾ ನೋಡಿ. ಅಲ್ಲಿನ ಸ್ವಾತಂತ್ರ್ಯ ಹೋರಾಟದ ನಾಯಕ ಸುಕರ್ನೊ 1945ರ ಜೂನ್ 1ರಂದು ಪಂಚಶೀಲದ ಐದು ತತ್ವಗಳನ್ನು ಮಂಡಿಸಿದಾಗ ಅದು ಚರ್ಚೆಯ ನಡುವೆ ಇಟ್ಟ ರಾಜಕೀಯ ವಾದ. ಬಹುಧರ್ಮ, ಬಹುಭಾಷೆಯ ಸಾವಿರಾರು ದ್ವೀಪಗಳನ್ನು ಒಂದು ದೇಶವಾಗಿ ಹೇಗೆ ಇಡುವುದು ಎಂಬ ಪ್ರಶ್ನೆಗೆ ಕೊಟ್ಟ ಉತ್ತರ. ಸುಕರ್ನೊ ನಂತರ ಅಧಿಕಾರ ಹಿಡಿದ ಸೇನಾಧಿಕಾರಿ ಸುಹಾರ್ತೊ ಕಾಲದಲ್ಲಿ, 1978ರಿಂದ, ಅದೇ ಐದು ತತ್ವ ಕಡ್ಡಾಯ ತರಬೇತಿ ಆಯಿತು. ಸರ್ಕಾರಿ ನೌಕರರು, ವಿದ್ಯಾರ್ಥಿಗಳು ಎಲ್ಲರೂ ಕೂತು ಕಲಿಯಬೇಕು. ಪ್ರಶ್ನೆ ಮಾತ್ರ ಕೇಳುವಂತಿಲ್ಲ. 1965-66ರಲ್ಲಿ ಕಮ್ಯುನಿಸ್ಟರು ಎಂಬ ಹಣೆಪಟ್ಟಿಯಲ್ಲಿ ಲಕ್ಷಗಟ್ಟಲೆ ಜನ ಸತ್ತದ್ದು ಯಾಕೆ ಎಂಬ ಪ್ರಶ್ನೆಗೆ ಕ್ಯಾಂಪಸ್ಸಿನಲ್ಲಿ ಜಾಗವಿರಲಿಲ್ಲ.

ಹಾಗಾದರೆ ಆ ಪ್ರಶ್ನೆ ಎಲ್ಲಿಗೆ ಹೋಯಿತು? ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ. ಅಲ್ಲಿ ಜಾರ್ಜ್ ಕಾಹಿನ್ 1950ರ ದಶಕದಲ್ಲೇ ಇಂಡೊನೇಷ್ಯಾ ಅಧ್ಯಯನದ ಯೋಜನೆ ಶುರು ಮಾಡಿದ್ದರು. ಅವರ ಶಿಷ್ಯ ಬೆನೆಡಿಕ್ಟ್ ಆಂಡರ್ಸನ್ ಮತ್ತು ಜತೆಗಾರರು 1965ರ ಘಟನೆಗಳ ಬಗ್ಗೆ ಸರ್ಕಾರಕ್ಕೆ ಹಿಡಿಸದ ವಿಶ್ಲೇಷಣೆ ಬರೆದರು. 1972ರಲ್ಲಿ ಆಂಡರ್ಸನ್‌ಗೆ ಇಂಡೊನೇಷ್ಯಾದ ಬಾಗಿಲು ಮುಚ್ಚಿತು. ತೆರೆದದ್ದು ಸುಹಾರ್ತೊ ಇಳಿದ 1998ರಲ್ಲಿ. ಈ ನಡುವೆ, 1983ರಲ್ಲಿ, ರಾಷ್ಟ್ರ ಎಂಬುದು ಜನ ಕಲ್ಪಿಸಿಕೊಂಡ ಸಮುದಾಯ ಎಂಬ ಅವರ ವಾದ ಪುಸ್ತಕವಾಗಿ ಬಂತು. ಇವತ್ತು ಜಗತ್ತಿನ ಎಲ್ಲ ಕಡೆ ರಾಷ್ಟ್ರೀಯತೆಯ ಪಾಠಕ್ಕೆ ಅದೇ ಪುಸ್ತಕ. ಆ ಯೋಚನೆಯ ಬೇರು ಬಹಳಷ್ಟು ಇಂಡೊನೇಷ್ಯಾದಲ್ಲೇ ಇದೆ.

ನಿಮ್ಮ ಎರಡು ಬಣಗಳು ಗಮನಿಸದೇ ಇರುವುದು ಇದನ್ನೇ. ಮನೆಯಲ್ಲಿ ಪ್ರಶ್ನೆಗೆ ಬಾಗಿಲು ಹಾಕಿದರೆ ಪ್ರಶ್ನೆ ವಿಮಾನ ಹತ್ತುತ್ತದೆ. ಹತ್ತು ವರ್ಷದ ಮೇಲೆ ಅದು ‘ವಿದೇಶಿ ಥಿಯರಿ’ ಆಗಿ ವಾಪಸ್ ಬರುತ್ತದೆ. ಆಗ ನಾವು ಅದನ್ನು ವಿದೇಶಿ ಅಂತ ಬೈಯುತ್ತೇವೆ, ಇಲ್ಲವೇ ವಿದೇಶಿ ಅನ್ನುವ ಕಾರಣಕ್ಕೇ ತಲೆ ಮೇಲೆ ಹೊರುತ್ತೇವೆ. ಕಡ್ಡಾಯ ದೇಶಪಾಠ ಮತ್ತು ಆಮದು ಥಿಯರಿ ಶತ್ರುಗಳಂತೆ ಕಾಣುತ್ತವೆ, ಆದರೆ ಒಂದು ಇನ್ನೊಂದಕ್ಕೆ ಊಟ ಹಾಕುತ್ತದೆ.

ಪಾಕಿಸ್ತಾನದಲ್ಲೂ ಶಾಲೆಯಿಂದ ಪದವಿವರೆಗೆ ಪಾಕಿಸ್ತಾನ್ ಸ್ಟಡೀಸನ್ನು ದಶಕಗಳ ಕಾಲ ಕಡ್ಡಾಯ ಮಾಡಿದ್ದರು. 1971ರಲ್ಲಿ ದೇಶದ ಹೆಚ್ಚು ಜನ ಇದ್ದ ಭಾಗವೇ ಬೇರೆಯಾಗಿ ಹೋಯಿತು. ರಾಜ್ಯಶಾಸ್ತ್ರಕ್ಕೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇಕೇ? ಅದನ್ನು ಬರೀ ಹೊರಗಿನವರ ಪಿತೂರಿ ಅಂದುಬಿಟ್ಟರೆ ಒಕ್ಕೂಟ, ಭಾಷೆ, ಸೇನೆ ಯಾವುದರ ಬಗ್ಗೆಯೂ ಕಲಿತ ಹಾಗಾಗುವುದಿಲ್ಲ. ಪಕ್ಕದವರ ಬಗ್ಗೆ ಹೇಳುವುದು ಸುಲಭ. ಭಾರತದಲ್ಲಿ ತುರ್ತು ಪರಿಸ್ಥಿತಿಯನ್ನು 352ನೇ ವಿಧಿ ಅಂತ ಬಾಯಿಪಾಠ ಮಾಡಿಸುತ್ತೇವೆ. 1975ರಲ್ಲಿ ಕೋರ್ಟು, ಪತ್ರಿಕೆ, ಆಳುವ ಪಕ್ಷ ಯಾಕೆ ಅಷ್ಟು ಬೇಗ ಬಗ್ಗಿದವು, 1977ರಲ್ಲಿ ಮತದಾರರು ಯಾಕೆ ತಿರುಗಿಬಿದ್ದರು ಅಂತ ಕೇಳುವುದು ಕಡಿಮೆ.

ಆದ್ದರಿಂದ ದೇಶದ ಬಗ್ಗೆ ಕಡ್ಡಾಯ ಪೇಪರ್ ಇಡಿ, ನನ್ನ ವಿರೋಧವಿಲ್ಲ. ಆ ಪೇಪರಿನಲ್ಲಿ ದೇಶ ಒಂದು ಪ್ರಶ್ನೆಯಾಗಿರಬೇಕು ಅಷ್ಟೇ. ನಾವು ಒಂದು ದೇಶ ಹೇಗಾದೆವು, ಯಾರು ಒಪ್ಪಿ ಸೇರಿದರು, ಯಾರು ಒಪ್ಪದೆ ಸೇರಿದರು, ಯಾರ ಹೆಸರು ಬಿಟ್ಟುಹೋಯಿತು, ಯಾವ ಬೇರೆ ದಾರಿಗಳಿದ್ದವು. ಇಷ್ಟನ್ನು ಕೇಳಿಸಿಕೊಂಡ ವಿದ್ಯಾರ್ಥಿಗೆ ದೇಶದ ಮೇಲೆ ಪ್ರೀತಿ ಕಡಿಮೆಯಾಗುತ್ತದೆ ಎಂಬ ಭಯ ನನಗೆ ಇಲ್ಲ.

ದಕ್ಷಿಣ ಆಫ್ರಿಕಾದ ಒಂದು ಪ್ರಸಂಗವೂ ನೆನಪಿಡಬೇಕಾದದ್ದು. ವರ್ಣಭೇದ ಆಡಳಿತ ಹೋದ ಮೇಲೆ 1990ರ ದಶಕದ ಕೊನೆಯಲ್ಲಿ ಕೇಪ್ ಟೌನ್ ವಿಶ್ವವಿದ್ಯಾಲಯ ಆಫ್ರಿಕಾ ಕುರಿತ ಆರಂಭಿಕ ಕೋರ್ಸ್ ಒಂದನ್ನು ರೂಪಿಸಲು ಮಮ್ದಾನಿಯವರಿಗೆ ಹೇಳಿತು. ಅವರು ತಂದ ಸಿಲಬಸ್ ಸಹೋದ್ಯೋಗಿಗಳಿಗೆ ಒಪ್ಪಿಗೆಯಾಗಲಿಲ್ಲ, ಬೇರೆಯದು ಬಂತು. ಮಮ್ದಾನಿಯವರ ಆಕ್ಷೇಪ ತೀರಾ ನಿರ್ದಿಷ್ಟವಾಗಿತ್ತು: ಹೊಸ ಸಿಲಬಸ್ಸಿನಲ್ಲಿ ಆಫ್ರಿಕಾ ಅಂದರೆ ಸಹಾರಾದ ಕೆಳಗಿನದು, ಅದರಲ್ಲೂ ದಕ್ಷಿಣ ಆಫ್ರಿಕಾ ಸೇರಿಲ್ಲ. ಓದಲು ಕೊಟ್ಟದ್ದರಲ್ಲಿ ಹೆಚ್ಚಿನದು ಅಮೆರಿಕದಲ್ಲಿ ಬರೆದದ್ದು, ಆಫ್ರಿಕಾದ ವಿಶ್ವವಿದ್ಯಾಲಯಗಳಲ್ಲಿ ನಡೆದ ಚರ್ಚೆಗಳಿಗೆ ಜಾಗವಿಲ್ಲ. ಅದೇ ಕ್ಯಾಂಪಸ್ಸಿನಲ್ಲಿ 2015ರ ಏಪ್ರಿಲ್ 9ರಂದು ವಿದ್ಯಾರ್ಥಿಗಳ ಚಳವಳಿಯ ನಂತರ ಬ್ರಿಟಿಷ್ ಸಾಮ್ರಾಜ್ಯವಾದಿ ಸೆಸಿಲ್ ರೋಡ್ಸ್ ಪ್ರತಿಮೆ ಕೆಳಗಿಳಿಯಿತು. ಎಲ್ಲರಿಗೂ ಪ್ರತಿಮೆ ನೆನಪಿದೆ. ನನಗೆ ಮೊದಲಿನ ಸಿಲಬಸ್ ಜಗಳವೇ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಸೋವಿಯತ್ ಒಕ್ಕೂಟದಿಂದ ಬಿಡಿಸಿಕೊಂಡ ದೇಶಗಳನ್ನು ಈ ಗುಂಪಿಗೆ ಸೇರಿಸಬಹುದೇ ಎಂಬ ವಾದ ಇದೆ. ಅದಿರಲಿ, ಅಲ್ಲಿ ‘ವೈಜ್ಞಾನಿಕ ಕಮ್ಯುನಿಸಂ’ ಕಲಿಸುತ್ತಿದ್ದ ಎಷ್ಟೋ ವಿಭಾಗಗಳು 1991ರ ಆಸುಪಾಸಿನಲ್ಲಿ ರಾಜ್ಯಶಾಸ್ತ್ರ ವಿಭಾಗಗಳಾದವು. ಕಜಾಕಸ್ತಾನ 1993ರಿಂದ ವಿದ್ಯಾರ್ಥಿವೇತನ ಕೊಟ್ಟು ಹೊರಗೆ ಕಳಿಸಿತು, 2010ರಲ್ಲಿ, ಪದವಿಗಳನ್ನು ಒಂದೇ ಮಾದರಿಗೆ ತರುವ ಯುರೋಪಿನ ಬೊಲೊನ್ಯಾ ವ್ಯವಸ್ಥೆಗೆ ಸೇರಿತು. ಬೋರ್ಡು, ಕ್ರೆಡಿಟ್ಟು, ಸರ್ಟಿಫಿಕೇಟು ಬದಲಾಯಿಸುವುದು ಎಷ್ಟು ಬೇಗ ಆಗುತ್ತದೆ ಅನ್ನುವುದಕ್ಕೆ ಅದು ಒಳ್ಳೆಯ ಪಾಠ.

ಈಗ ನನಗೆ ಇಷ್ಟವಾದ ಭಾಗ. ನಮ್ಮ ಅನುಭವದಿಂದಲೇ ಪರಿಕಲ್ಪನೆ ಹುಟ್ಟಿ ಹೊರಗೆ ಹೋದದ್ದು ಇದೆಯೇ? ಇದೆ.

ಲ್ಯಾಟಿನ್ ಅಮೆರಿಕ ಮೊದಲು. ದೇಶ ಶ್ರೀಮಂತವಾದಂತೆ ಪ್ರಜಾಪ್ರಭುತ್ವ ಬೇರು ಬಿಡುತ್ತದೆ ಅಂತ ಅಮೆರಿಕದ ವಿದ್ವಾಂಸರು ಹೇಳುತ್ತಿದ್ದ ಕಾಲ. ಆದರೆ ಬ್ರೆಜಿಲ್‌ನಲ್ಲಿ 1964ರಲ್ಲಿ, ಅರ್ಜೆಂಟೀನಾದಲ್ಲಿ 1966ರಲ್ಲಿ ಸೇನೆ ಅಧಿಕಾರ ಹಿಡಿಯಿತು. ಆ ಖಂಡದಲ್ಲಿ ಕೈಗಾರಿಕೆ ಚೆನ್ನಾಗಿ ಬೆಳೆದಿದ್ದ ದೇಶಗಳೇ ಅವು. ಅರ್ಜೆಂಟೀನಾದ ಗಿಯೆರ್ಮೊ ಓಡೊನೆಲ್ ಇದನ್ನೇ ಹಿಡಿದುಕೊಂಡು 1973ರಲ್ಲಿ ‘ಅಧಿಕಾರಿಶಾಹಿ ಸರ್ವಾಧಿಕಾರ’, ಅಂದರೆ ಸೇನೆ ಮತ್ತು ತಜ್ಞ ಅಧಿಕಾರಿಗಳು ಸೇರಿ ನಡೆಸುವ ಆಡಳಿತ, ಎಂಬ ಪರಿಕಲ್ಪನೆ ಕೊಟ್ಟರು. ದಕ್ಷಿಣ ಕೊರಿಯಾದ ಆಡಳಿತವನ್ನು ಅರ್ಥಮಾಡಿಕೊಳ್ಳಲೂ ಅದನ್ನು ಬಳಸಿದರು. ಓಡೊನೆಲ್ ಯೇಲ್‌ನಲ್ಲಿ ಓದಿದವರು, ಅದನ್ನು ಮರೆಯಬೇಡಿ. ಹೊರಗೆ ಹೋಗಿ ಸಾಮಗ್ರಿ ತಂದರು, ಆದರೆ ತಮ್ಮ ದೇಶ ಥಿಯರಿಗೆ ಹೊಂದದಿದ್ದಾಗ ದೇಶವನ್ನು ಅಪವಾದ ಅನ್ನಲಿಲ್ಲ, ಥಿಯರಿ ಸರಿಯಿಲ್ಲ ಎಂದರು. ಬಡ ದೇಶಗಳು ಶ್ರೀಮಂತ ದೇಶಗಳಿಗೆ ಕಟ್ಟುಬೀಳುವ ಪರಾವಲಂಬನೆಯ ಬಗ್ಗೆ ಬರೆದ ಬ್ರೆಜಿಲ್‌ನ ಫರ್ನಾಂಡೊ ಹೆನ್ರಿಕ್ ಕಾರ್ಡೋಸೊ ಚಿಲಿಯಲ್ಲಿ ದೇಶಭ್ರಷ್ಟರಾಗಿದ್ದಾಗ ಆ ಕೆಲಸ ಮಾಡಿದರು. ಅಲ್ಲಿನ ವಿಶ್ವಸಂಸ್ಥೆಯ ಆರ್ಥಿಕ ಆಯೋಗ, 1957ರ ಫ್ಲಾಕ್ಸೊ ಎಂಬ ಸಮಾಜವಿಜ್ಞಾನ ಸಂಸ್ಥೆ, ಇವು ಖಂಡದ ಬೇರೆ ಬೇರೆ ದೇಶದವರನ್ನು ಒಂದು ಕಡೆ ಕೂರಿಸಿದ್ದವು. ನೆರೆಯವರ ಜತೆ ಮಾತಾಡುವ ವ್ಯವಸ್ಥೆ ಇತ್ತು ಎಂಬುದನ್ನು ಗಮನಿಸಿ.

ಭಾರತದಲ್ಲಿ ರಾಜ್ಯಶಾಸ್ತ್ರಜ್ಞ ರಜನಿ ಕೊಠಾರಿ. ಪಠ್ಯಪುಸ್ತಕದಲ್ಲಿ ಪಕ್ಷ ಪದ್ಧತಿ ಮೂರು ಬಗೆ: ಏಕಪಕ್ಷ, ದ್ವಿಪಕ್ಷ, ಬಹುಪಕ್ಷ. 1952ರ ಲೋಕಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 45 ಮತ, 489ರಲ್ಲಿ 364 ಸೀಟು. 1957, 1962ರಲ್ಲೂ ಹೆಚ್ಚುಕಮ್ಮಿ ಅದೇ. ಬೇಕಾದಷ್ಟು ಪಕ್ಷಗಳಿವೆ, ಸ್ಪರ್ಧೆ ಮುಕ್ತವಾಗಿದೆ, ಆದರೆ ಗೆಲ್ಲುವುದು ಒಂದೇ ಪಕ್ಷ. ಇದು ಯಾವ ಬಗೆ? ಕೊಠಾರಿ 1964ರಲ್ಲಿ ಇದಕ್ಕೆ ‘ಕಾಂಗ್ರೆಸ್ ವ್ಯವಸ್ಥೆ’ ಎಂದು ಹೆಸರಿಟ್ಟರು. ನಿಜವಾದ ಪೈಪೋಟಿ ಕಾಂಗ್ರೆಸ್ಸಿನ ಒಳಗಿನ ಬಣಗಳ ನಡುವೆ ನಡೆಯುತ್ತದೆ, ಹೊರಗಿನ ಪಕ್ಷಗಳು ಆ ಬಣಗಳ ಮೂಲಕ ಒತ್ತಡ ಹಾಕುತ್ತವೆ ಎಂದು ವಿವರಿಸಿದರು. 1967ರಲ್ಲಿ ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ಸೋತಾಗ ಆ ವ್ಯವಸ್ಥೆ ಬಿರುಕು ಬಿಟ್ಟಿತು, ಪರಿಕಲ್ಪನೆಯ ಮಿತಿಯೂ ಕಂಡಿತು.

ನಮ್ಮಲ್ಲಿ ಈ ಪಾಠ ಭಾರತೀಯ ರಾಜಕೀಯದ ಪೇಪರಿನಲ್ಲಿ ಮಾತ್ರ ಇರುತ್ತದೆ. ಅದನ್ನು ಎತ್ತಿ ತೌಲನಿಕ ರಾಜಕೀಯಕ್ಕೆ ತನ್ನಿ. ಅಲ್ಲಿ ಬಹುಕಾಲದಿಂದ ಬ್ರಿಟನ್, ಅಮೆರಿಕ, ಸ್ವಿಟ್ಜರ್ಲೆಂಡ್, ಚೀನಾ ಸಂವಿಧಾನಗಳು ಬಂದು ಕೂತಿವೆ. ಸ್ವಿಟ್ಜರ್ಲೆಂಡ್ ಮೇಲೆ ನನಗೇನೂ ದ್ವೇಷವಿಲ್ಲ, ಆದರೆ ಒಂದು ಸೆಮಿಸ್ಟರ್ ರಜೆ ಕೊಡಿ. ಅದರ ಜಾಗದಲ್ಲಿ ಮೆಕ್ಸಿಕೊ ಇಡಿ: 1929ರಲ್ಲಿ ಹುಟ್ಟಿದ ಪಕ್ಷ ಹೆಸರು ಬದಲಾಯಿಸಿಕೊಳ್ಳುತ್ತಾ 2000ದವರೆಗೆ ಅಧ್ಯಕ್ಷ ಸ್ಥಾನ ಬಿಡಲಿಲ್ಲ. ಮಲೇಷ್ಯಾ ಇಡಿ: 1957ರಲ್ಲಿ ಸ್ವಾತಂತ್ರ್ಯ ಬಂದಾಗಿನಿಂದ 2018ರವರೆಗೆ ಒಂದೇ ಕೂಟ. ತಾಂಜಾನಿಯಾ ಇಡಿ, ಅದು ಇನ್ನೂ ಸ್ವಾರಸ್ಯ. 1965ರಲ್ಲಿ ಕಾನೂನೇ ಏಕಪಕ್ಷದ್ದು. ಆದರೂ ಚುನಾವಣೆಯಲ್ಲಿ ಒಂದು ಕ್ಷೇತ್ರಕ್ಕೆ ಅದೇ ಪಕ್ಷದ ಇಬ್ಬರು ನಿಲ್ಲುತ್ತಿದ್ದರು. ಒಬ್ಬರಿಗೆ ಗುದ್ದಲಿ ಚಿಹ್ನೆ, ಇನ್ನೊಬ್ಬರಿಗೆ ಮನೆ ಚಿಹ್ನೆ. ಮಂತ್ರಿಗಳೂ ಸೋತರು.

ಈ ನಾಲ್ಕನ್ನು ಎದುರಿಗಿಟ್ಟು ಕೇಳಿ: ಕೊಠಾರಿ ಹೇಳಿದ ಒಳಪೈಪೋಟಿ ಎಲ್ಲೆಲ್ಲಿ ಇದೆ? ಸೀಟು ಮತ್ತು ಮತದ ಅಂತರಕ್ಕೆ ಚುನಾವಣಾ ಪದ್ಧತಿ ಎಷ್ಟು ಕಾರಣ? ಸೋಲು ಯಾವಾಗ ಬಂತು, ಬಂದಾಗ ಪಕ್ಷ ಒಪ್ಪಿಕೊಂಡಿತೇ? ಈ ಕ್ಲಾಸಿನಲ್ಲಿ ಭಾರತ ಉದಾಹರಣೆಯಾಗಿ ಬಂದಿಲ್ಲ. ಭಾರತದಿಂದ ಬಂದ ಪರಿಕಲ್ಪನೆಗೆ ಮೆಕ್ಸಿಕೊ ಉದಾಹರಣೆಯಾಗಿ ಬಂದಿದೆ. ನಾನು ಅಂತರರಾಷ್ಟ್ರೀಕರಣ ಅನ್ನುವುದು ಇದಕ್ಕೆ.

ರ‍್ಯಾಂಕಿಂಗ್ ನಡೆಸುವವರು ಇದನ್ನು ಎಣಿಸುವುದಿಲ್ಲ. ಅವರು ನೋಡುವುದು ಹೊರದೇಶದ ವಿದ್ಯಾರ್ಥಿ ಎಷ್ಟು, ಹೊರದೇಶದ ಅಧ್ಯಾಪಕರು ಎಷ್ಟು, ಹೊರಗಿನವರ ಜತೆ ಬರೆದ ಲೇಖನ ಎಷ್ಟು. ಆ ಒತ್ತಡ ಆಡಳಿತದ ಮೇಲೆ ಇರುತ್ತದೆ, ಅದನ್ನು ತಳ್ಳಿಹಾಕಿ ಅಂತ ನಾನು ಸುಮ್ನೆ ಹೇಳಲಾರೆ. ಜಂಟಿ ಲೇಖನ ಬೇಕೇ ಬೇಕು ಅಂದರೆ ನೈರೋಬಿ, ಜಕಾರ್ತ, ಸಾವ್ ಪಾಲೊ ಕಡೆಯೂ ಪತ್ರ ಬರೆಯಿರಿ. ಅವೂ ಹೊರದೇಶವೇ! ಅಂತರರಾಷ್ಟ್ರೀಯ ರಾಜ್ಯಶಾಸ್ತ್ರ ಸಂಘ 1949ರಲ್ಲಿ ಶುರುವಾದಾಗ ಸ್ಥಾಪಕ ಸಂಘಗಳು ನಾಲ್ಕು: ಅಮೆರಿಕ, ಕೆನಡಾ, ಫ್ರಾನ್ಸ್, ಭಾರತ. ಆದರೆ ಅದರ ವಿಶ್ವ ಸಮ್ಮೇಳನ ಆಫ್ರಿಕಾ ನೆಲಕ್ಕೆ ಬರಲು 2003ರ ಡರ್ಬನ್‌ವರೆಗೆ ಕಾಯಬೇಕಾಯಿತು. ಡಕಾರ್‌ನಲ್ಲಿ 1973ರಿಂದ ಇರುವ ಕೊಡೆಸ್ರಿಯಾ, ಆಫ್ರಿಕಾದ ಸಮಾಜವಿಜ್ಞಾನಿಗಳ ಮಂಡಳಿ, ಪುಸ್ತಕ ಪತ್ರಿಕೆ ತರುತ್ತಲೇ ಇದೆ. ನಮ್ಮ ರೀಡಿಂಗ್ ಲಿಸ್ಟುಗಳಲ್ಲಿ ಅದರ ಸುಳಿವಿಲ್ಲ.

ಮಲೇಷ್ಯಾದ ಸಯ್ಯದ್ ಹುಸೇನ್ ಅಲತಾಸ್ 1970ರ ದಶಕದಲ್ಲಿ ‘ಸೆರೆಸಿಕ್ಕ ಮನಸ್ಸು’ ಅಂತ ಕರೆದದ್ದು ಇದನ್ನೇ: ಬೇರೆಯವರ ಉತ್ತರವನ್ನು ಮಾತ್ರವಲ್ಲ, ಪ್ರಶ್ನೆಯನ್ನೂ ಎರವಲು ತರುವುದು. ಅದನ್ನು ನೋಡಲು ಒಂದು ಸಣ್ಣ ಪರೀಕ್ಷೆ ಇದೆ. ಯಾವುದಾದರೂ ದೊಡ್ಡ ಜರ್ನಲ್ ತೆಗೆದು ಶೀರ್ಷಿಕೆಗಳನ್ನು ಮಾತ್ರ ಓದಿ. ಅಮೆರಿಕದ ಮತದಾರರ ಬಗ್ಗೆ ಬರೆದದ್ದಕ್ಕೆ ಎಷ್ಟೋ ಸಲ ದೇಶದ ಹೆಸರೇ ಇರುವುದಿಲ್ಲ, ಬರೀ ‘ಮತದಾರರು’. ಘಾನಾದ ಮತದಾರರ ಬಗ್ಗೆ ಬರೆದರೆ ‘ಘಾನಾದಲ್ಲಿ’ ಅಂತ ಇದ್ದೇ ಇರುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಈ ಕೆಲಸ ಕೊಡಿ. ಒಂದು ಗಂಟೆಯಲ್ಲಿ ಅವರೇ ಕಂಡುಕೊಳ್ಳುತ್ತಾರೆ.

ಭಾಷೆಯ ಬಗ್ಗೆ ಎರಡೇ ಮಾತು. ಇಂಗ್ಲಿಷ್ ಇಲ್ಲದೆ ಹೊರಗಿನ ಚರ್ಚೆ ಸಿಗುವುದಿಲ್ಲ, ಇಂಗ್ಲಿಷ್ ಒಂದೇ ಇದ್ದರೆ ತರಗತಿಯ ಅರ್ಧ ಜನ ಮಾತೇ ಆಡುವುದಿಲ್ಲ. ಹೈದರಾಬಾದಿನಲ್ಲಿ 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟಾಗ ಮೊದಲು ಒಂದು ಅನುವಾದ ಕಚೇರಿ ಕಟ್ಟಿತು. ಈ ಕ್ರಮ ಸರಿಯಾದದ್ದು. ಹೊರಗಿನ ಹತ್ತು ಒಳ್ಳೆಯ ಪ್ರಬಂಧ ಓದಿಸಬೇಕೆಂದರೆ ಮೊದಲು ಅವುಗಳನ್ನು ವಿದ್ಯಾರ್ಥಿಯ ಭಾಷೆಗೆ ತರುವ ಕೆಲಸಕ್ಕೆ ಸಮಿತಿಯೇ ಜನ ಗೊತ್ತುಮಾಡಲಿ. ಗೈಡ್ ಬರೆಯುವವರಿಗೆ ಬಿಟ್ಟರೆ ಏನಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಸಮಿತಿಯಲ್ಲಿ ಎಲ್ಲವನ್ನೂ ಒಮ್ಮೆಲೇ ಬದಲಾಯಿಸಲು ಹೋಗಬೇಡಿ, ಜಗಳದಲ್ಲೇ ವರ್ಷ ಕಳೆಯುತ್ತದೆ. ಪೇಪರಿನ ಹೆಸರುಗಳನ್ನೂ ಮುಟ್ಟಬೇಡಿ. ರಾಜಕೀಯ ಚಿಂತನೆಯಲ್ಲಿ ಕೊನೆಯ ‘ನಮ್ಮವರು’ ಯೂನಿಟ್ ತೆಗೆದು, ಅವರನ್ನು ವಿಷಯದ ಪ್ರಕಾರ ಒಳಗೆ ಹರಡಿ. ಸ್ವಾತಂತ್ರ್ಯದ ಪಾಠದಲ್ಲಿ ಮಿಲ್ ಪಕ್ಕ ನವರೋಜಿ. ಸಮಾನತೆಯ ಪಾಠದಲ್ಲಿ ರೂಸೊ ಪಕ್ಕ ಅಂಬೇಡ್ಕರ್. ಬಲಪ್ರಯೋಗದ ಪಾಠದಲ್ಲಿ ಗಾಂಧಿ ಎದುರಿಗೆ, ವಸಾಹತುಶಾಹಿಯ ವಿರುದ್ಧ ಹಿಂಸೆಯನ್ನು ಸಮರ್ಥಿಸಿದ ಫ್ರಾಂಟ್ಜ್ ಫ್ಯಾನನ್. ಆಮೇಲೆ ತೌಲನಿಕ ರಾಜಕೀಯದಲ್ಲಿ ಎರಡು ದೇಶ ಬದಲಾಯಿಸಿ. ಇಷ್ಟಕ್ಕೆ ಎರಡೂ ಬಣ ಒಪ್ಪುವ ಸಾಧ್ಯತೆ ಇದೆ, ಯಾಕೆಂದರೆ ಇಬ್ಬರಿಗೂ ತಾವು ಕೇಳಿದ್ದು ಕಾಣುತ್ತದೆ.

ಕೊನೆಗೆ ಪ್ರಶ್ನೆಪತ್ರಿಕೆ, ಜಾಸ್ತಿ ಪಟ್ಟು ಹಿಡಿಯಬೇಕಾದದ್ದು ಇಲ್ಲೇ. ‘ಕೌಟಿಲ್ಯನ ಮಂಡಲ ಸಿದ್ಧಾಂತ ವಿವರಿಸಿ’ ಎಂಬ ಪ್ರಶ್ನೆ ಉಳಿದರೆ ಹೊಸ ಸಿಲಬಸ್ಸೂ ಹಳೇ ನೋಟ್ಸಿನಲ್ಲೇ ಪಾಸಾಗುತ್ತದೆ. ‘ಆಫ್ರಿಕಾದ ದೇಶಗಳು 1964ರ ನಂತರ ಗಡಿಗಳನ್ನು ಒಪ್ಪಿಕೊಂಡದ್ದನ್ನು ಮಂಡಲ ಸಿದ್ಧಾಂತ ವಿವರಿಸಬಲ್ಲದೇ? ಒಂದು ಉದಾಹರಣೆಯೊಂದಿಗೆ ಚರ್ಚಿಸಿ’ ಅಂತ ಕೇಳಿ. ಮೌಲ್ಯಮಾಪಕರಿಗೆ ಮಾದರಿ ಉತ್ತರ ಕೊಡಬೇಡಿ. ಅದರ ಬದಲು ಉತ್ತರದಲ್ಲಿ ಏನು ನೋಡಬೇಕು ಅಂತ ಅರ್ಧ ಪುಟ ಬರೆದುಕೊಡಿ: ಪರಿಕಲ್ಪನೆ ಸರಿಯಾಗಿ ಹೇಳಿದ್ದಾರಾ, ಉದಾಹರಣೆ ನಿಜವಾದದ್ದಾ, ಹೊಂದದ ಕಡೆ ಒಪ್ಪಿಕೊಂಡಿದ್ದಾರಾ. ಆ ಅರ್ಧ ಪುಟವನ್ನು ಸಿಲಬಸ್ ಜತೆಗೇ ಮಂಜೂರು ಮಾಡಿಸಿಕೊಳ್ಳಿ, ಪರೀಕ್ಷೆ ಹೊತ್ತಿಗೆ ಕೇಳಿದರೆ ಯಾರೂ ಒಪ್ಪುವುದಿಲ್ಲ.